ಮಸ್ಕತ್ತಿನ ಎದುರು ಬಾಗಿಲದಾಕಿ

ನಾ ಬಾಯಿ ಬಿಟ್ಟಲ್ಲೆ ಏನರ ಒಂದು ಫಜೀತಿ ಆಗದ ಇರೂದಿಲ್ಲ. ಲಕ್ಷ್ಮೇಶ್ವರದ ಸಂತ್ಯಾಗೂ ಆಗ್ತೈತಿ, ಗದಗ ಬಸ್‌ಸ್ಟ್ಯಾಂಡಿನ್ಯಾಗೂ ಆಗ್ತೈತಿ. ಮಗಳ ಬಾಣಂತನಕ್ಕಂತ ಮಸ್ಕತ್ತಿಗೆ ಹೊಂಟೆ, ಫಜೀತಿನೂ ನನ್ನ ಜೋಡಿ ವಿಮಾನ ಹತ್ತಿ ಬಂತು.

ಅಲ್ಲೆ ನನಗಿದ್ದ ಚಿಂತಿ ಒಂದ. ಅಳಿಯ ಮರಳುಗಾಡಿನ ನಡುವ ಎಣ್ಣಿ ತೆಗಿಯೋ ಕ್ಯಾಂಪಿನ್ಯಾಗ ಕ್ರೇನ್ ನಡಸ್ತಾನ, ವಾರಗಟ್ಟಲೆ ಮನಿಗೆ ಬರಾಂಗಿಲ್ಲ. ಮಗಳು ದಿನ ತುಂಬಿದ ಬಸರಿ. ನೋವು ಎದ್ರ ದವಾಖಾನಿಗೆ ಒಯ್ಯೋರು ಯಾರು? "ಟ್ಯಾಕ್ಸಿ ಅದಾವಲ್ಲ ಬಿಡವಾ" ಅಂತಾಳ ಮಗಳು. ಗುರುತಿಲ್ಲದ ಊರಾಗ, ಗುರುತಿಲ್ಲದಾಂವನ ಗಾಡ್ಯಾಗ ತುಂಬಿದ ಬಸರೀನ್ನ ಹೆಂಗ ಕುಂಡ್ರಸಲಿ?

ಎದುರು ಬಾಗಿಲದಾಗ ಲಾಹೋರ ಕಡಿಯಾಕಿ ಒಬ್ಬಾಕಿ ಇದ್ಲು. ಗಂಡ ಹೆಂಡ್ತಿ ಇಬ್ರ ಇದ್ರು. ಕಾರು ತಾನ ನಡಸ್ತಿದ್ಲು. ಹೆರಿಗಿ ಬರೂದ್ರೊಳಗ ಈಕಿ ನನ್ನ ಗೆಳತಿ ಆಗಾಕ ಬೇಕು ಅಂತ ಮನಸ್ಸು ಗಟ್ಟಿ ಮಾಡಿದೆ. ಹಿಂದೂಸ್ತಾನಿ ಮಾತು ನನಗ ಬರ್ತಿತ್ತು. ಊರಾಗ ಮಗ್ಗಲ ಮನಿ ಮುಸಲ್ಮಾನ ಗೆಳತಿ ಕಲಿಸಿದ್ದು.

ಊಟ ಆತೇನು?

ಮೊದಲನೇ ದಿನ ಲಿಫ್ಟಿನ ಮುಂದ ಸಿಕ್ಲು. ನಮ್ಮ ಕಡೆ ಮಾತು ಶುರು ಮಾಡೂದು ಹೆಂಗ? "ಊಟ ಆತೇನ್ರಿ" ಅಂತ. ಅದನ್ನ ಹಿಂದೂಸ್ತಾನಿಯೊಳಗ ಕೇಳಿದೆ. ಆಕಿ ನನ್ನ ಮಾರಿ ನೋಡಿದ್ಲು, ಒಳಗ ಹೋದ್ಲು, ಒಂದು ತಾಟು ಅನ್ನ-ಬ್ಯಾಳಿ ತಂದು ಕೈಯಾಗ ಇಟ್ಲು. ಕೊಟ್ಟಿದ್ದು ಬ್ಯಾಡ ಅನ್ನಬಾರದಂತ ಇಸ್ಕೊಂಡೆ. ಮರುದಿನ ಮತ್ತ ಕೇಳಿದೆ, ಮತ್ತ ತಾಟು ಬಂತು. ಅದರ ಮರುದಿನ ಸೀದಾ ನಮ್ಮ ಮನಿಗೇ ಬಂದ್ಲು. ಮಾರಿ ಕೆಂಪಗಾಗಿತ್ತು. ನನ್ನ ಮಗಳಿಗೆ ಅಂದ್ಲು, "ನೀನು ಬಸರಿ ಅದೀ, ಖರೆ. ಆದ್ರ ಹೆತ್ತವ್ವನ್ನ ಹಿಂಗ ಉಪಾಸ ಕೆಡವಬಾರದು."

ಆಕಿ ಹೋದ ಮ್ಯಾಲೆ ಮಗಳು ನನ್ನ ಮ್ಯಾಲೆ ಹರಿಹಾಯ್ದ್ಲು. "ಅವ್ವಾ, ಇನ್ನ ಮ್ಯಾಲೆ ಯಾರನ್ನೂ ಊಟ ಆತೇನು ಅಂತ ಕೇಳಬ್ಯಾಡ. ಹೆಂಗದೀರಿ ಅಂತ ಕೇಳು."

"ಎದುರಿಗೆ ಗಟ್ಟಿಮುಟ್ಟಾಗಿ ನಿಂತಾಕಿನ್ನ ಹೆಂಗದೀರಿ ಅಂತ ಕೇಳಿದ್ರ, ಈ ಮುದಕಿಗೆ ಕಣ್ಣೂ ಕಾಣಂಗಿಲ್ಲ ಅಂತ ತಿಳೀತಾಳ ಬಿಡು" ಅಂದೆ.

ಮುಂಜಾನಿ ಬಡಿದಾಟ

ಉಪಾಸ ಇಲ್ಲ ಅಂತ ತೋರಸಾಕರ ಆಕಿಗೆ ಜ್ವಾಳದ ರೊಟ್ಟಿ ಮಾಡಿ ಕೊಡೂಣು ಅಂತ ಬೆಳಕು ಹರಿಯೂದ್ರಾಗ ಎದ್ದೆ. ಹಿಟ್ಟು ಊರಿಂದನ ಕಟ್ಟಿಕೊಂಡು ಹೋಗಿದ್ದೆ. ಪಟಪಟಾ ಬಡಿಯಾಕ ಹತ್ತಿದೆ. ಮಲಗಿದ್ದ ಮಗಳು ಒಳಗಿಂದ, "ಅವ್ವಾ, ಸಾಕು ಮಾಡ! ಅವ್ವಾ, ಸಾಕು!" ಅಂತ ನರಳಾಕ ಹತ್ತಿದ್ಲು. ನಾ ಎಲ್ಲೆ ಬಿಡಾಕಿ? ಇನ್ನೂ ಜೋರ ಬಡದೆ.

ಬಾಗಿಲ ದಬದಬ ಬಾರಿಸಿದ್ರು. ತೆಗೆದ್ರ ಎದುರು ಬಾಗಿಲದಾಕಿ, ಆಕಿ ಹಿಂದ ಬಿಲ್ಡಿಂಗಿನ ವಾಚಮನ್. ಆಕಿ ನನ್ನ ಅತ್ತಾಗ ದಬ್ಬಿ ಒಳಗ ಓಡಿದ್ಲು, ಮಗಳ ತೋಳು, ಬೆನ್ನು, ಗಲ್ಲ ಎಲ್ಲಾ ಮುಟ್ಟಿ ಮುಟ್ಟಿ ನೋಡಿದ್ಲು. ವಾಚಮನ್ ಫೋನ್ ಕೈಯಾಗ ಹಿಡದು, "ಮಾಲಕರಿಗೆ ಹೇಳಬೇಕಾಗ್ತೈತಿ" ಅಂದ. ದಿನ ತುಂಬಿದ ಮಗಳು, ಮನಿ ಬಿಡ್ರಿ ಅಂದ್ರ ಎಲ್ಲೆ ಹೋಗಲಿ? ಹಿಟ್ಟಿನ ಕೈ ತೋರಿಸಿ, ಬಡದದ್ದು ಮಗಳನ್ನಲ್ಲ, ರೊಟ್ಟಿ ಅಂದೆ, ನಂಬಲಿಲ್ಲ. ಕಡೀಕ ಇಬ್ಬರನ್ನೂ ಅಡಗಿಮನ್ಯಾಗ ನಿಂದ್ರಿಸಿ ಅವರ ಕಣ್ಣಮುಂದನ ಒಂದು ರೊಟ್ಟಿ ಬಡದೆ, ಬೇಯಿಸಿದೆ, ಮ್ಯಾಲೆ ಶೇಂಗಾ ಚಟ್ನಿ, ಬೆಣ್ಣಿ ಹಾಕಿ ಕೊಟ್ಟೆ.

ಆಕಿ ತಿಂದು ನಗಾಕ ಹತ್ತಿದ್ಲು. ವಾಚಮನ್ ಮಾತ್ರ ನಗಲಿಲ್ಲ. ಇನ್ನೊಂದು ಇಸ್ಕೊಂಡು ತಿಂದ, ಬಾಯಿ ಒರಸಿಕೊಂಡ, ಕೇಳಿದ: "ಅಮ್ಮಾ, ನಾಳೆ ಎಷ್ಟ ಗಂಟೆಕ್ಕ ಬಡೀತೀರಿ?"

ಯಾರ ಆತೂಂ?

ಅವತ್ತಿಂದ ಸಂಜಿ ಚಾ ಆಕಿ ಮನ್ಯಾಗನ. ನನಗ ಅಕ್ಕಾ ಅಂದಂಗ "ಆಪಾ, ಆಪಾ" ಅಂತಿದ್ಲು. ಅಂಗಡಿಗೆ ಹೋದ ಆಕಿ ಗಂಡ ಬರೋ ಹೊತ್ತಿಗೆ ನಾ ಎದ್ದು ಬಂದುಬಿಡ್ತಿದ್ದೆ. ಗೆಳೆತನ ಆತು, ಕಾರಿನ ಚಿಂತಿ ಹೋತು ಅನ್ಕೊಂಡೆ.

ಒಂದಿನ ಮಧ್ಯಾಹ್ನ ಮಗಳಿಗೆ ನೋವು ಎದ್ವು. ಗ್ವಾಡಿ ಹಿಡಕೊಂಡು ನಿಂತ್ಲು, ಮಾರಿ ಬೆವತು ಹೋತು. ನಾ ಓಡಿಹೋಗಿ ಎದುರು ಬಾಗಿಲ ಬಡದೆ. "ಬೆಹನ್, ನೋವು ಬಂದಾವ, ಗಾಡಿ ತೆಗಿ!"

ಆಕಿ ನನ್ನ ನೋಡಿ, "ಆತಿ ಹೂಂ, ಆಪಾ!" ಅಂದ್ಲು, ಬರ್ತೀನಿ ಅಂತ. ಅಂದಾಕಿನ ಒಳಗ ಹೋದ್ಲು. ಬಾಗಿಲ ಧಪ್ ಅಂತ ಮುಚ್ಚಿಕೊಂತು.

ನನ್ನ ಎದಿ ಒಡೀತು. ನಮ್ಮೂರಾಗ ಯಾರರ ಮನಿಯಿಂದ ಏಳಮುಂದ "ಹೋಗ್ತೀನಿ" ಅಂತೀವೇನು? "ಬರ್ತೀನ್ರಿ" ಅಂತೀವಿ. ಮಗ್ಗಲ ಮನಿ ಮುಸಲ್ಮಾನ ಗೆಳತಿನೂ ಹಂಗ, "ಆತೂಂ" ಅಂತ ಹೇಳೇ ತನ್ನ ಮನಿಗೆ ಹೋಗ್ತಾಳ. ಇಂಥಾ ಹೊತ್ತಿನ್ಯಾಗ ಈಕಿ "ಬರ್ತೀನಿ" ಅಂತ ಕೈ ಬಿಟ್ಟು ಹೋದ್ಲಲ್ಲ ಅಂತ ಕಣ್ಣಾಗ ನೀರು ಬಂತು. ಆದ್ರ ಅಳಾಕ ಹೊತ್ತೆಲ್ಲೈತಿ? ಮಗಳನ್ನ ಲಿಫ್ಟಿನ್ಯಾಗ ಕೆಳಗ ಇಳಿಸಿದೆ. ಅಂಗಡಿ ಮುಂದ ಬ್ರೆಡ್ ಇಳಸೋ ವ್ಯಾನ್ ನಿಂತಿತ್ತು. ಡ್ರೈವರಗ ಕೈ ಮುಗದೆ. ಪುಣ್ಯಾತ್ಮ ಮಗಳನ್ನ ಮುಂದ ಕುಂಡ್ರಿಸಿಕೊಂಡ. ಹಿಂದ ಬ್ರೆಡ್ಡಿನ ಬುಟ್ಟಿ ನಡುವ ನಾನು, ದೇವರ ಹೆಸರು ಹೇಳಿಕೋತ.

ಮಗಳನ್ನ ಹೆರಿಗಿ ಕೋಲಿಗೆ ಒಯ್ದ್ರು. ನಾ ಹೊರಗ ಬೆಂಚಿನ ಮ್ಯಾಲೆ ಒಬ್ಬಾಕಿನ. ಅಷ್ಟರಾಗ ವಾಚಮನ್ನನ್ನ ಕೇಳಿಕೊಂಡು ಎದುರು ಬಾಗಿಲದಾಕಿ ಓಡಿ ಬಂದ್ಲು. ಒಂದು ಕಾಲಾಗ ತನ್ನ ಚಪ್ಪಲಿ, ಇನ್ನೊಂದರಾಗ ಗಂಡನ್ದು.

"ಕಾರಿನ ಕೀಲಿ ತರಾಕ ಒಳಗ ಹೋಗಿದ್ದೆ, ಆಪಾ! ಬರ್ತೀನಿ ಅಂದೆನಲ್ಲ!"

"ಬರ್ತೀನಿ ಅಂದಿ, ಅದಕ ಹೋದಿ ಅನ್ಕೊಂಡೆ!"

ಆಕಿಗೆ ತಿಳೀಲಿಲ್ಲ. ನಮ್ಮ ಕಡಿ ರೂಢಿ ಬಿಡಿಸಿ ಹೇಳಿದೆ. ಕೇಳಿಕೋತ ಆಕಿ ಮೆಲ್ಲಗ ಬೆಂಚಿನ ಮ್ಯಾಲೆ ಕುಂತುಬಿಟ್ಲು.

"ಅಂದ್ರ, ದಿನಾ ಸಂಜಿಮುಂದ ನಮ್ಮ ಮನಿಯಾಗ ಚಾ ಕುಡದು ಆತೂಂ ಅಂತ ಎದ್ದು ಹೋಗ್ತಿದ್ದೆಲ್ಲ..."

"ಮನಿಗೆ ಹೋಗ್ತಿದ್ದೆ."

"ಯಾ ಅಲ್ಲಾ! ನಾವು ನಿನ್ನ ತಾಟು ಹಾಕಿಕೊಂಡು ಕಾಯ್ತಿದ್ವಿ! ನನ್ನ ಗಂಡ ಸಕ್ಕರಿ ಬ್ಯಾನಿಯಾಂವ. ಹಸದು ಕೈ ನಡುಗಿಸಿಕೋತ, 'ನಿಮ್ಮ ಆಪಾ ಬಂದ್ಲೇನು?' ಅಂತ ದಿನಾ ಬಾಗಿಲ ನೋಡ್ತಾನ!"

ಒಳಗ ಕೂಸು ಕಿರ್ರಂತ ಅತ್ತಿತು. ನರ್ಸ್ ಬಾಗಿಲ ತೆಗೆದು, ಹೆಣ್ಣು ಕೂಸು, ಅವ್ವ ಮಗಳು ಇಬ್ಬರೂ ಅರಾಮ ಅದಾರ, ಅಜ್ಜಿ ಒಬ್ಬಾಕಿ ಬರ್ರಿ ಅಂದ್ಲು. ನಾ ಸೆರಗಿಲೆ ಕಣ್ಣು ಒರಸಿಕೊಂಡು ಎದ್ದೆ. ರೂಢಿ ಬಾಯಿ, "ಆತೂಂ, ಬೆಹನ್" ಅಂದೆ.

ಆಕಿ ಗಪ್ಪನ ನನ್ನ ಸೆರಗು ಹಿಡಿದ್ಲು. "ನಿಂದ್ರು! ಇದು ಯಾರ ಆತೂಂ, ನಿಂದೋ ನಂದೋ?"