ತೊಂಬತ್ತೆರಡು ಕಿಲೋದ ವಾಲ್ಟ್ಸ್

ನನ್ನ ತೂಕದ ಬಗ್ಗೆ ಯಾರೂ ಒಂದು ಒಳ್ಳೆಯ ಮಾತಾಡಿದ್ದು ನನಗೆ ನೆನಪಿಲ್ಲ. ಡಾಕ್ಟರು ತಲೆ ಅಲ್ಲಾಡಿಸುತ್ತಾರೆ. ಹೆಂಡತಿ ಶಾಂತವ್ವ ನಾನು ಕೂತೆದ್ದ ಕುರ್ಚಿಯನ್ನು ಒಮ್ಮೆ ಅಲುಗಿಸಿ ನೋಡುತ್ತಾಳೆ. ಹೀಗಿರುವಾಗ ಅಕ್ಕನ ಮಗಳು ಶೈಲಾ ರಾಮದುರ್ಗದಿಂದ ಫೋನ್ ಮಾಡಿ, "ಮಾಮಾ, ಈಗೂ ತೊಂಬತ್ತೆರಡು ಕಿಲೋ ಅದೀರಿಲ್ಲ? ಇಳಿಸಬ್ಯಾಡ್ರಿ, ನಾಳೆ ಬರತೇನಿ" ಎಂದಳು. ಆ ಖುಷಿಗೆ ಒಂದು ರೊಟ್ಟಿ ಹೆಚ್ಚಿಗೆ ತಿಂದೆ.

ಶೈಲಾ ಟೀವಿಯ ಜೋಡಿ ಕುಣಿತದ ಸ್ಪರ್ಧೆಯಲ್ಲಿ ಕುಣಿಯುವವಳು. ಆದರೆ ಸ್ಪರ್ಧೆ ಅವಳದಲ್ಲ. ಕುಣಿಯಲು ಬಾರದ ಒಬ್ಬ ಹೆಸರುವಾಸಿಯನ್ನು ಅವಳ ಕೈಗೆ ಕೊಡುತ್ತಾರೆ. ಅವನಿಗೆ ಕಲಿಸಿ, ಅವನ ಜೊತೆ ಕುಣಿದು, ಚಪ್ಪಾಳೆ ಅವನಿಗೇ ಬೀಳುವಂತೆ ನೋಡಿಕೊಳ್ಳುವುದು ಅವಳ ನೌಕರಿ. ಈ ಸಲ ಸಿಕ್ಕವನು ಧಾರಾವಾಹಿಯೊಂದರ ಖಳನಾಯಕ, ಹೆಚ್ಚುಕಡಿಮೆ ನನ್ನದೇ ಗಾತ್ರ. ಎರಡು ವಾರದಿಂದ ಅವರದು ಕೊನೆಯ ಸ್ಥಾನ. "ಈ ವಾರಾನೂ ಹಂಗಾದ್ರ ಅವನ ಜೋಡಿ ನಾನೂ ಮನಿಗೆ. ಅವಗ ಧಾರಾವಾಹಿ ಐತಿ ಮಾಮಾ, ನನಗ ಇದ ಒಂದ" ಎಂದಳು. ಆತ ನಾಲ್ಕು ದಿನ ಶೂಟಿಂಗಿಗೆ ಹೋಗಿದ್ದ. ಅವನ ಬದಲಿಗೆ ನಾನು.

ಬೈಲಹೊಂಗಲದಲ್ಲಿ ನಮ್ಮದು ಹತ್ತಿ ದಲಾಲಿ ಅಂಗಡಿ. ಸುಗ್ಗಿ ಮುಗಿದು ಗೋದಾಮು ಖಾಲಿ ಬಿದ್ದಿತ್ತು. ಅಲ್ಲಿ ಶೈಲಾ ನನ್ನ ಒಂದು ಕೈ ತನ್ನ ಬೆನ್ನಿಗಿಟ್ಟು, ಇನ್ನೊಂದನ್ನು ಗಾಳಿಯಲ್ಲಿ ಹಿಡಿದು, "ಒಂದ, ಎರಡ, ಮೂರ" ಎಂದು ವಾಲ್ಟ್ಸ್ ಎಂಬ ವಿಲಾಯಿತಿ ಜೋಡಿ ಕುಣಿತ ಶುರು ಮಾಡಿದಳು. ಮೂರಕ್ಕೆ ನಾನು ಅವಳ ಕಾಲ ಮೇಲಿದ್ದೆ. ಬೈಯಲಿಲ್ಲ, ಕುಂಟುತ್ತ ಹೋಗಿ ತನ್ನ ವಹಿಯಲ್ಲಿ ಏನೋ ಬರೆದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ನಸುಕಿನಲ್ಲೇ ಹೋಗಿ, ತೋಳು ಚಾಚಿಕೊಂಡು ಒಬ್ಬನೇ ಗೋದಾಮಿನ ತುಂಬ ತಿರುಗತೊಡಗಿದೆ. ಹಮಾಲ ಫಕೀರಪ್ಪ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ.

"ಸಾವ್ಕಾರ್ರ, ಏನರ ಕಳದೈತೇನ್ರಿ? ನಾನೂ ಹುಡಕ್ತೇನಿ."

"ಮರ್ಯಾದಿ ಕಳದೈತಿ. ನೀ ಹೋಗಪಾ."

ಮೂರನೆಯ ದಿನ ಒಂದು ಹೆಜ್ಜೆಯೂ ತಪ್ಪದೆ ಕುಣಿದೆ. ಶೈಲಾ ನಡುವೆಯೇ ನಿಂತುಬಿಟ್ಟಳು.

"ಮಾಮಾ, ಏನ ಮಾಡಾಕತ್ತೀರಿ?"

"ಸರಿ ಮಾಡಾಕತ್ತೇನವಾ."

"ಸರಿ ಮಾಡಂತ ಯಾರ ಹೇಳ್ಯಾರ ನಿಮಗ? ಅಷ್ಟು ತೂಕದ ಮನಷ್ಯಾ ಎಲ್ಲೆಲ್ಲಿ ತಪ್ಪತಾನ, ಅಲ್ಲಿ ನಾ ಹೆಂಗ ತಿರುಗಿದ್ರ ಅದು ತಪ್ಪಂತ ಕಾಣಂಗಿಲ್ಲ, ಅದನ್ನ ನೋಡಾಕತ್ತಿದ್ದೆ. ಮೊದಲಿನಂಗ ಕುಣೀರಿ."

ಚಹಾ ತಂದಿದ್ದ ಶಾಂತವ್ವ, "ಅದರ ಚಿಂತಿ ಬ್ಯಾಡ ತಂಗಿ. ಮೊದಲಿನಂಗ ಆಗಾಕ ಅವರಿಗೆ ಭಾಳ ಹೊತ್ತು ಬೇಕಾಗಂಗಿಲ್ಲ" ಎಂದಳು. ನಿಜ, ಚಹಾ ಆರುವುದರೊಳಗೆ ಆದೆ.

ಶನಿವಾರ ಟೀವಿಯ ಮುಂದೆ ಕೂತೆವು. ಎರಡನೇ ತಿರುವಿನಲ್ಲಿ ಖಳನಾಯಕ ಎಡಗಾಲು ಎತ್ತಿದ. ನಾನು ತಪ್ಪುತ್ತಿದ್ದದ್ದೂ ಸರಿಯಾಗಿ ಅಲ್ಲೇ. ಅವನೂ ತಪ್ಪಿಟ್ಟ. ಆದರೆ ಮುಂದಿನ ಗಳಿಗೆಗೆ ಅದನ್ನು ಅವನು ಬೇಕೆಂದೇ ಹಾಗೆ ಇಟ್ಟ ಹಾಗೆ ಕಂಡಿತು. ತೀರ್ಪುಗಾರರು ಎದ್ದು ನಿಂತು ಅವನನ್ನು ಹೊಗಳಿದರು.

ಸ್ವಲ್ಪ ಹೊತ್ತಿಗೆ ಶೈಲಾಳ ಫೋನು. "ಮಾಮಾ, ಉಳದ್ವಿ."

"ನೋಡಿದೆವಾ. ಎಡಗಾಲ ಇಟ್ಟಾ, ನನ್ನ ಜೀವಾನ ಹೋತು. ಆಮ್ಯಾಲ ಭಾಳ ಚಂದ ಕುಣದಾ" ಎಂದು ಅವನ ಕುಣಿತವನ್ನು ಹೆಜ್ಜೆ ಹೆಜ್ಜೆಯಾಗಿ ವರ್ಣಿಸಿದೆ.

"ನಾ ಹೆಂಗ ಕುಣದೆ?"

ಆ ತಪ್ಪು ಮುಚ್ಚಿದ್ದು ಯಾರ ಕೆಲಸವೆಂದು ಬಲ್ಲ ನಾನೇ, ಕುಣಿತದುದ್ದಕ್ಕೂ ಆ ಮನುಷ್ಯನ ಬೂಟಿನಿಂದ ಕಣ್ಣೆತ್ತಿರಲಿಲ್ಲ.

"ಚಂದ ಇತ್ತವಾ... ನಿನ್ನ ಸೀರಿ."

"ಗೌನು ಮಾಮಾ" ಎಂದು ನಕ್ಕಳು. "ಇರಲಿ ಬಿಡ್ರಿ. ಹಂಗಾದ್ರ ಕೆಲಸ ಬರೋಬ್ಬರಿ ಆಗೇತಿ."

ಮರುದಿನ ಹನ್ನೊಂದಕ್ಕೆ ಮರುಪ್ರಸಾರ. ಅಂಗಡಿ ತೆರೆಯದೆ, ಶೈಲಾಳನ್ನು ಮಾತ್ರ ನೋಡುವುದೆಂದು ನಿಶ್ಚಯಿಸಿ ಕೂತೆ. ಗೌನು ನೀಲಿ ಬಣ್ಣದ್ದು. ಅಷ್ಟು ನೋಡಿದ್ದೆ, ಎರಡನೇ ತಿರುವು ಬಂತು. ಕಣ್ಣು ತಾನಾಗಿಯೇ ಅವನ ಎಡಗಾಲಿಗೆ ಹೋಯಿತು.