ಪ್ಯಾರಿಸ್–ರೋಮ್ ಲೆಕ್ಕದಲ್ಲಿ ದಾಸರಹಳ್ಳಿ

ನನಗೆ ಪಾಸ್‌ಪೋರ್ಟ್ ಇಲ್ಲ. ಆದರೂ ಪ್ಯಾರಿಸ್ಸಿನಿಂದ ರೋಮಿಗೆ ಸುಮಾರು ಸಾವಿರದ ನೂರು ಕಿಲೋಮೀಟರ್, ವಿಮಾನದಲ್ಲಿ ಎರಡು ಗಂಟೆ ಎನ್ನುವುದು ಬಾಯಿಪಾಠ. ಒಂದು ಸಂಜೆ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ನಮ್ಮ ಬಸ್ಸು ಅಲ್ಲಾಡದೆ ನಿಂತಿದ್ದಾಗ ಮೊಬೈಲಿನಲ್ಲಿ ಹುಡುಕಿ ಸಂಪಾದಿಸಿದ ವಿದ್ಯೆ ಅದು. ಅಂದಿನಿಂದ, ಟಿ. ದಾಸರಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗದಿರಲು ಅದೇ ನನ್ನ ಕಾಯಂ ನೆಪವಾಯಿತು. "ಪ್ಯಾರಿಸ್ಸಿಂದ ರೋಮ್‌ಗೆ ಎರಡು ಗಂಟೆ ಕಣಕ್ಕ. ಅಷ್ಟೊತ್ತಲ್ಲಿ ಯಲಹಂಕದಿಂದ ನಿಮ್ಮನೆ ಮುಟ್ಟಕ್ಕಾಗಲ್ಲ" ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. ನಕ್ಕಳಲ್ಲ, ಇನ್ನೇನು ಎಂದು ನಾನೂ ಸುಮ್ಮನಾಗುತ್ತಿದ್ದೆ.

ಹೋದ ವರ್ಷ ಗೌರಿ ಹಬ್ಬಕ್ಕೆ ನನ್ನ ಬುದ್ಧಿ ಇನ್ನೂ ಚುರುಕಾಯಿತು. ತವರಿನ ಬಾಗಿನವನ್ನು ಒಡಹುಟ್ಟಿದವನು ಕೈಯಾರೆ ಕೊಂಡೊಯ್ಯಬೇಕು. ನಾನೋ, ಮೊರ, ಬಳೆ, ಬೇಳೆ, ಬೆಲ್ಲವನ್ನೆಲ್ಲ ಡೆಲಿವರಿಯವರ ಕೈಗೆ ಕೊಟ್ಟು, ಬಾಗಿನ ಗಂಗಮ್ಮನ ಗುಡಿ ದಾಟುವುದನ್ನು ಸೋಫಾದ ಮೇಲೆ ಮಲಗಿ ಮೊಬೈಲಿನಲ್ಲಿ ನೋಡಿದೆ. ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. "ತಂದ್ಕೊಟ್ಟವರು ವಯಸ್ಸಾದೋರು ಕಣೋ, ಪಾಪ. ಕೂರಿಸಿ ಒಬ್ಬಟ್ಟು ಹಾಕಿದೆ. ತಮ್ಮ ಬಂದಷ್ಟೇ ಸಂತೋಷ ಆಯ್ತು." ಈ ಸಲ ಅವಳು ನಗಲಿಲ್ಲ. ಹೀಗೇ ಬಿಟ್ಟರೆ ಆ ಮನೆಯಲ್ಲಿ ನನ್ನ ಜಾಗ ಹೋದಂತೆಯೇ ಅನ್ನಿಸಿತು.

ಹಾಗಾಗಿ ಈ ವರ್ಷ ಹಠ ಹಿಡಿದೆ. "ಎಂಟಕ್ಕೆ ಟೇಕಾಫ್, ಹತ್ತಕ್ಕೆ ನಿಮ್ಮನೇಲಿ ಲ್ಯಾಂಡಿಂಗ್. ಒಂದು ನಿಮಿಷ ತಡ ಆದ್ರೆ ಕೇಳು" ಎಂದು ಅಕ್ಕನಿಗೆ ಮಾತು ಕೊಟ್ಟೆ. ಸ್ಕೂಟರಿಗೆ ಬಾಗಿನದ ಜೊತೆ ನೀರು, ಚಕ್ಕುಲಿ, ಛತ್ರಿ ಎಲ್ಲ ಹೇರುತ್ತಿದ್ದರೆ ಹೆಂಡತಿ, "ರೀ, ಹದಿನೈದು ಕಿಲೋಮೀಟರ್‌ಗೆ ಇಷ್ಟೊಂದಾ?" ಎಂದಳು. ನಾನು ಛತ್ರಿಯ ಪಕ್ಕಕ್ಕೆ ರೇನ್‌ಕೋಟನ್ನೂ ತುರುಕಿದೆ.

ಆದರೆ ಅರ್ಧ ಬೆಂಗಳೂರು ಹಿಂದಿನ ದಿನವೇ ಹಬ್ಬಕ್ಕೆಂದು ಊರಿಗೆ ಹೊರಟುಹೋಗಿತ್ತು. ರಸ್ತೆ ಖಾಲಿ. ಸಿಗ್ನಲ್ಲುಗಳೆಲ್ಲ ಹಸಿರು ತೋರಿಸಿ ನನ್ನ ಮಾನ ಕಳೆಯತೊಡಗಿದವು. ಜಾಲಹಳ್ಳಿ ಕ್ರಾಸಿನಲ್ಲಾದರೂ ಒಂದು ಲಾರಿ ಅಡ್ಡ ನಿಂತಿರಲಪ್ಪಾ ಎಂದು ಬೇಡಿಕೊಂಡೆ, ಅದೂ ಇರಲಿಲ್ಲ. ಎಂಟೂವರೆಗೆ ಅಕ್ಕನ ಬೀದಿಯ ತಿರುವಿನಲ್ಲಿದ್ದೆ! ಈಗ ಬಾಗಿಲು ತಟ್ಟಿದರೆ ಇಷ್ಟು ವರ್ಷ ಹೇಳಿಕೊಂಡು ಬಂದ ಪ್ಯಾರಿಸ್ಸು, ರೋಮು ಎರಡೂ ಸುಳ್ಳಾಗುತ್ತವೆ. ಹತ್ತು ಗಂಟೆಯವರೆಗೆ ಕಾದೇ ತೀರುವುದೆಂದು ಮೂಲೆಯ ಹೋಟೆಲಿನೆದುರು ಕಾಫಿ ಹಿಡಿದು ನಿಂತೆ.

ಎರಡನೇ ಕಾಫಿ ಮುಗಿಯುವಷ್ಟರಲ್ಲಿ, "ಯಾಕೋ ಇಲ್ಲಿ ನಿಂತಿದ್ದೀಯ?" ಎಂಬ ದನಿ. ಪೂಜೆಗೆ ಹೂವು ಕೊಳ್ಳಲು ಬಂದ ಅಕ್ಕ.

"ಈಗ ತಾನೇ ಬಂದೆ" ಎಂದೆ.

"ಎಂಟೂವರೆಯಿಂದ ಇಲ್ಲೇ ಅವ್ರೆ ಕಣಕ್ಕ" ಎಂದರು ಹೋಟೆಲಿನವರು ಒಳಗಿನಿಂದ.

ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಬೈದಿದ್ದರೆ ಚೆನ್ನಾಗಿತ್ತು. "ನಮ್ಮನೆಗೆ ಬರೋಕೆ ಬರೀ ಅರ್ಧ ಗಂಟೇನಾ?" ಎಂದು ಮೆಲ್ಲಗೆ ಕೇಳಿದಳು. "ಇಷ್ಟು ವರ್ಷ, ಪಾಪ ದಾರಿ ದೂರ ಅಂತಾನೇ ಸಮಾಧಾನ ಮಾಡ್ಕೊಂಡಿದ್ದೆ ಕಣೋ."

ಅವಳ ಹಿಂದೆ ಮನೆಗೆ ಹೋಗಿ ಬಾಗಿನ ಕೊಟ್ಟೆ, ಒಬ್ಬಟ್ಟು ತಿಂದೆ. ಹೊರಡುವಾಗ ಮುಂದಿನ ಶನಿವಾರ ಸಂಜೆಯೂ ಬರುತ್ತೇನೆಂದೆ, ಹಠದಿಂದ ಹೋದೆ ಕೂಡ. ಅಷ್ಟರಲ್ಲಿ ಊರಿಗೆ ಹೋದವರೆಲ್ಲ ವಾಪಸು ಬಂದಿದ್ದರು. ಸರಿಯಾಗಿ ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ಅಕ್ಕ ಕೇಳಿದಾಗ ಮಾತ್ರ, ಅರ್ಧ ಗಂಟೆ ಎಂದೆ.