ಪಾಂಡವಪುರಕ್ಕೂ ಕೆ.ಆರ್. ಪೇಟೆಗೂ ಎಷ್ಟು ಅಂತಸ್ತು ದೂರ

ಎರಡೂರಿನೋರು ಬೀಗ್ರಾದ್ರೆ ಜಗಳ ನಿಂತೋಗೋ ಮಾತೇ ಇಲ್ಲ. ಒಂದು ಮುಗೀತು ಅಂತ ಕೈ ತೊಳ್ಕೊಳೋದ್ರೊಳಗೆ ಇನ್ನೊಂದು ಬಾಗ್ಲಲ್ಲಿ ಬಂದು ನಿಂತಿರ್ತದೆ. ನಾನು ಪಾಂಡವಪುರದೋನು. ಬಸ್‌ಸ್ಟಾಂಡ್ ರೋಡಲ್ಲಿ ಟೈಲರ್ ಅಂಗಡಿ ಮಡಗಿದ್ದೆ. ನಾನು ಹೊಲ್ದ ಜುಬ್ಬ ಹಾಕ್ಕೊಂಡೋರು ಒಬ್ರೂ ಎಲೆಕ್ಷನ್ನಲ್ಲಿ ಸೋತಿಲ್ಲ, ಬೇಕಾದ್ರೆ ಸೋತೋರನ್ನೇ ಕೇಳಿ. ನಮ್ ಬೀಗ ಕೆ.ಆರ್. ಪೇಟೆಯೋನು. ಅಲ್ಲಿ ಅವನದು ಗೊಬ್ಬರದ ಅಂಗಡಿ. ನನ್ ಮಗಳನ್ನ ಅವನ ಮಗನಿಗೆ ಕೊಟ್ಟಿದ್ದೀನಿ. ಮಗಳು ಅಳಿಯ ಚೆನ್ನಾಗವ್ರೆ, ಅದ್ಕೇ ಅವರ ವಿಚಾರ ಯೋಳಕ್ಕೆ ಏನೂ ಇಲ್ಲ.

ಜಗಳ ಎಲ್ಲಾ ನಮ್ಮಿಬ್ರದ್ದು. ಯಾರೂರ ಪೇಟೆ ಬೀದಿ ದೊಡ್ಡದು, ಯಾರೂರ ಕಟ್ಟಡ ಎತ್ತರ, ಇಷ್ಟೇ. ಒಂದೇ ಒಂದ್ಸತಿ ಅವನ ಬಾಯಲ್ಲಿ "ನಿಮ್ಮೂರೇ ದೊಡ್ಡದು ಕಣ್ ಬೀಗ" ಅನ್ನಿಸ್ಬೇಕು ಅಂತ ನಂಗೆ ಆಸೆ. ಮಗಳ ಮದ್ವೆಗೂ ನಾನು ಅಷ್ಟು ದೇವ್ರಿಗೆ ಕೈ ಮುಗ್ದಿರ್ಲಿಲ್ಲ. ಈಗ ನೆನೆಸ್ಕೊಂಡ್ರೆ ಬರೀ ನಗು ಬರಲ್ಲ. ಆದ್ರೂ ಯೋಳ್ತೀನಿ, ಕೇಳಿ.

೧. ಹುಡುಗಿ ಒಪ್ಗೆ

ಹೆಣ್ಣು ನೋಡಕ್ಕೆ ಅಂತ ಕೆ.ಆರ್. ಪೇಟೆಯಿಂದ ಒಂದು ವ್ಯಾನು ಬಂತು. ನಮ್ಮನೆಯವಳು ಕಜ್ಜಾಯ ಸುಟ್ಟಿದ್ಲು. ಆ ವಾಸ್ನೆಗೆ ದಾರೀಲಿ ಚಿನಕುರಳಿ ತಾವ್ಲಿಂದ್ಲೇ ವ್ಯಾನು ತಾನೇ ತಾನಾಗಿ ಓಡ್ತು, "ನಾನು ಬರೀ ಸ್ಟೇರಿಂಗ್ ಹಿಡ್ಕೊಂಡಿದ್ದೆ" ಅಂತ ಡ್ರೈವರೇ ಯೋಳ್ದ. ಹುಡುಗ, ಹುಡುಗನ ತಾಯಿ, ಸೋದರಮಾವ ಎಲ್ಲಾ ಇಳಿದು ಒಳಗೆ ಬಂದು ಕುಂತ್ರು. ಹುಡುಗನ ಅಪ್ಪ ಮಾತ್ರ ಇಲ್ಲ. ಆಚೆ ಬಂದು ನೋಡ್ತೀನಿ, ರೋಡಲ್ಲಿ ನಿಂತ್ಕಂಡು, ಸೊಂಟದ ಮೇಲೆ ಕೈ ಮಡಗಿ, ಬಸ್‌ಸ್ಟಾಂಡ್ ಕಡೆ ನೋಡ್ತಾವ್ನೆ.

"ಬನ್ನಿ ಯಜಮಾನ್ರೇ, ಒಳಗೆ ಬನ್ನಿ" ಅಂದೆ.

"ಬರ್ತೀನಿ ಇರಿ. ನಿಮ್ ಮೇನ್ ರೋಡು ಇಲ್ಲಿಂದ ಎಷ್ಟು ದೂರ?"

"ನೀವು ನಿಂತಿರೋದೇ ಮೇನ್ ರೋಡು."

ಎಡಕ್ಕೆ ನೋಡ್ದ, ಬಲಕ್ಕೆ ನೋಡ್ದ. "ಓ" ಅಂದ. ಆ "ಓ" ಇವತ್ತಿಗೂ ನನ್ ಕಿವೀಲಿ ಅದೆ.

ಒಳಗೆ ಬಂದ ಮೇಲಾದ್ರೂ ಹುಡುಗಿ ಏನ್ ಓದವ್ಳೆ, ಅಡುಗೆ ಬತ್ತದಾ ಅಂತ ಕೇಳ್ಬೇಕಲ್ವಾ. ಅದಿಲ್ಲ. "ಎರಡಂತಸ್ತಿನ ಜವಳಿ ಅಂಗಡಿ ಎಷ್ಟವೆ ನಿಮ್ಮಲ್ಲಿ? ಸಾಯಂಕಾಲ ಎಷ್ಟೊತ್ತಿಗೆ ಬಾಗ್ಲಾಕ್ತಾರೆ? ನಮ್ಮೂರ ಹೆಸ್ರಲ್ಲೇ ಪೇಟೆ ಅದೆ ನೋಡಿ. ನಿಮ್ಮೂರಲ್ಲಿ ಪಾಂಡವರು ಇದ್ರಂತೆ, ಅವರೂ ಎದ್ದೋದ್ರು."

ನನ್ ಮಗಳು ಕಾಫಿ ತಟ್ಟೆ ಹಿಡ್ಕೊಂಡು ನಿಂತಿದ್ಲು. ಅವಳ ಕಡೆ ನೋಡೋ ಪುರುಸೊತ್ತೇ ಇವನಿಗಿಲ್ಲ. ಸಂಬಂಧ ಕೆಟ್ಟೋಯ್ತು ಅಂತಾನೇ ನಾವು ಸುಮ್ಕಾದ್ವಿ. ಎರಡು ದಿನ ಆದ್ಮೇಲೆ ದಲ್ಲಾಳಿ ಬಂದ. "ಹುಡುಗಿ ಒಪ್ಗೆ. ಕಜ್ಜಾಯ ಒಪ್ಗೆ. ರೋಡು ಮಾತ್ರ ಒಪ್ಗೆ ಇಲ್ವಂತೆ. ಆದ್ರೂ ಎಂಗೋ ಹೊಂದ್ಕೊಂಡು ಹೋಯ್ತಾರಂತೆ."

೨. ಬೆಟ್ಟದ ಬಾಡಿಗೆ

ಮದ್ವೆ ಮುಗ್ದು ಬೀಗರೂಟ ನಮ್ಮನೆ ಮಹಡಿ ಮೇಲೆ ಆಯ್ತು. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಆ ಖಾರಕ್ಕೆ ಶಾಮಿಯಾನದ ಬಟ್ಟೆ ಬೆವೆತಿತ್ತು. ಮೂರನೇ ಮುದ್ದೆ ಇಳಿದ ಮೇಲೆ ಬೀಗ ಶುರು ಮಾಡ್ದ.

"ಊಟದಲ್ಲಿ ಕೊರೆ ಇಲ್ಲ ಬೀಗ್ರೇ. ಆದ್ರೆ ಕತ್ತೆತ್ತಿ ನೋಡೋವಂಥ ಒಂದು ಕಟ್ಟಡ ನಿಮ್ಮೂರಲ್ಲಿಲ್ಲ. ನಮ್ಮಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸು ಎದ್ದದೆ."

ನಂಗೆ ತಡ್ಕೊಳಕ್ಕಾಗ್ಲಿಲ್ಲ. ಎಂಜಲು ಕೈಲೇ ಅವನ ರಟ್ಟೆ ಹಿಡ್ಕೊಂಡು ಮಹಡಿ ಅಂಚಿಗೆ ಕರ್ಕೊಂಡೋಗಿ ಊರ ಪಕ್ಕದ ಕುಂತಿಬೆಟ್ಟ ತೋರ್ಸ್ದೆ. "ಅಗೋ. ನಿಮ್ ಕಾಂಪ್ಲೆಕ್ಸನ್ನ ತಂದು ಅದರ ಪಕ್ಕದಲ್ಲಿ ನಿಲ್ಸಿ. ನೂರೈವತ್ತು ಅಂತಸ್ತು. ಪಾಯ ತೋಡ್ದೋನು ಭೀಮ."

ನಮ್ ಕಡೆಯೋರೆಲ್ಲಾ ಕೇಕೆ ಹಾಕಿದ್ರು. ಬೀಗ ಕಣ್ಣಿಗೆ ಕೈ ಅಡ್ಡ ಹಿಡಿದು ಬೆಟ್ಟವನ್ನ ಬಾಳೊತ್ತು ನೋಡ್ದ. ಆಮೇಲೆ ಮೆತ್ತಗೆ ಕೇಳ್ದ, "ಚೆನ್ನಾಗೇ ಅದೆ. ಇದ್ರಲ್ಲಿ ಬಾಡಿಗೆಗೆ ಎಷ್ಟು ಮಳಿಗೆ ಖಾಲಿ ಅವೆ?"

ಆಗ ನಕ್ಕಿದ್ದೂ ನಮ್ ಕಡೆಯೋರೇ. ನಮ್ ಚಿಕ್ಕಪ್ಪನಿಗೆ ಬೋಟಿ ನೆತ್ತಿಗೇರಿ, ಇಬ್ರು ಸೇರಿ ಬೆನ್ನು ಗುದ್ದಬೇಕಾಯ್ತು.

ಈಗ ಆ ಮಹಡಿ ಮೇಲೆ ನಿಂತ್ರೆ ಬೆಟ್ಟ ಕಾಣಲ್ಲ. ಪಕ್ಕದೋನು ಎತ್ತರಕ್ಕೆ ಕಟ್ಟುಸ್ದ. ಗುದ್ದಲಿ ಪೂಜೇಲಿ ಎಲ್ರಿಗಿಂತ ಮುಂದೆ ನಿಂತು ಕಾಯಿ ಒಡ್ದೋನು ನಾನೇ, ಬೀಗನ ಮುಂದೆ ಲೆಕ್ಕಕ್ಕೆ ಬತ್ತದಲ್ಲ ಅಂತ. ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ನೋಡ್ತಿದ್ದ ಬೆಟ್ಟ, ಒಂದಿನ ಎದ್ದು ನೋಡಿದ್ರೆ ಬರೀ ಗೋಡೆ. ಬೀಗನಿಗೆ ಫೋನ್ ಮಾಡಿ, "ನಮ್ ಬೆಟ್ಟ ಕಾಣ್ತಿಲ್ಲ ಕಣಯ್ಯ" ಅಂದೆ.

"ಅಯ್ಯೋ ಬುಡು" ಅಂದ. "ಬಾಡಿಗೆಗೆ ಯಾರೂ ಬರ್ಲಿಲ್ಲ ಅಂತ ಎತ್ತಾಕ್ಬುಟ್ಟವ್ರೆ."

೩. ಕತ್ರಿ

ಅಷ್ಟೊತ್ಗೆ "ಬೀಗ್ರೇ, ನೀವು" ಎಲ್ಲಾ ಹೋಗಿ "ಏನಯ್ಯ, ನೀನು" ಆಗೋಗಿತ್ತು. ಅವನ ಕಾಂಪ್ಲೆಕ್ಸಿನ ಎತ್ತರ ಒಂದೊಂದು ಹಬ್ಬಕ್ಕೂ ಬೆಳೀತಿತ್ತು. ಯುಗಾದಿಗೆ ನಲವತ್ತಡಿ ಅಂದ್ರೆ ಗೌರಿ ಹಬ್ಬಕ್ಕೆ ಅರವತ್ತು. "ಅಳೆದೇ ಬುಡುವ ಬಾ" ಅಂದೆ. ನಂಗೇನು ಟೇಪಿಗೆ ಬರವೇ. ಅಂಗಡೀಲಿದ್ದ ಟೇಪೆಲ್ಲಾ ಒಂದಕ್ಕೊಂದು ಸೇರ್ಸಿ ಹೊಲ್ದು, ತುದೀಗೆ ಭಾರಕ್ಕೆ ದೊಡ್ಡ ಕತ್ರಿ ಕಟ್ಟಿ, ಬ್ಯಾಗಲ್ಲಿ ಮಡಗ್ಕೊಂಡು ಕೆ.ಆರ್. ಪೇಟೆಗೆ ಹೋದೆ. ನಾನು ಮೇಲಿಂದ ಬುಡೋದು, ಅವನು ಕೆಳಗೆ ಹಿಡ್ಕೊಳೋದು.

ಬುಟ್ಟೆ. ಎರಡನೇ ಅಂತಸ್ತಲ್ಲಿ ಹಲ್ಲಿನ ಡಾಕ್ಟ್ರು ಅವ್ರೆ ಅಂತ ನಂಗೇನು ಗೊತ್ತು. ಅದೇ ಹೊತ್ಗೆ ಗಾಳಿ ಬೀಸ್ತು. ಕತ್ರಿ ತೆಗೆದಿದ್ದ ಕಿಟಕಿ ಒಳಕ್ಕೆ ಹೋಗಿ, ಬಾಯಿ ತೆಗ್ದು ಮಲಗಿದ್ದ ಪುಣ್ಯಾತ್ಮನ ಮೂಗಿನ ಮುಂದೆ ಉಯ್ಯಾಲೆ ಆಡ್ತು. ಈ ಕಡೆ ಡಾಕ್ಟ್ರ ಕೈಲಿ ಇಕ್ಕಳ, ಆ ಕಡೆ ಆಕಾಶದಿಂದ ಕತ್ರಿ. ಅವನು ಎದ್ದೋನೇ ತೆಗ್ದ ಬಾಯಿ ತೆಗ್ದಂಗೇ ಓಡ್ದ. ಊರಾಚೆ ಕೆರೆ ಏರಿ ಮೇಲೂ ಅವನ ಬಾಯಿ ಮುಚ್ಚಿರ್ಲಿಲ್ಲ ಅಂತ ನೋಡ್ದೋರು ಯೋಳ್ತಾರೆ. ನೋಡ್ದೋರು ಯಾರು ಅಂತ ಕೇಳ್ಬ್ಯಾಡಿ.

ಡಾಕ್ಟ್ರು ಕೆಂಡದಂಗಾಗಿ ಕೆಳಗಿಳಿದು ಬಂದ್ರು. "ಯಾರ್ರೀ ಅದು ಮೇಲ್ಗಡೆ? ಏನ್ರೀ ಇದು?"

ಕೆಳಗೆ ನಿಂತಿದ್ದ ಬೀಗ ಎರಡು ಕೈನೂ ಜೋಡಿಸ್ದ. "ತಪ್ಪು ತಿಳ್ಕೊಬ್ಯಾಡಿ ಡಾಕ್ಟ್ರೇ. ನಮ್ ಬೀಗ್ರು, ಪಾಂಡವಪುರದೋರು. ಇಷ್ಟೆತ್ತರ ಯಾವತ್ತೂ ಹತ್ತಿಲ್ಲ, ತಲೆ ತಿರುಗ್ಬುಟ್ಟದೆ."

೪. ನಾಗಮಂಗಲದ ನ್ಯಾಯ

ಒಂದ್ಸತಿ ಇಬ್ರೂ ದೇವಲಾಪುರದ ಕಡೆ ಒಂದು ಮದ್ವೆಗೆ ಹೋಗ್ಬೇಕಾಗಿತ್ತು. ಬಸ್ಸಲ್ಲಿ ನಮ್ ಪಕ್ಕದ ಸೀಟಲ್ಲಿ ಒಬ್ರು ಹಿರೀಕರು. ಬಿಳೀ ಪಂಚೆ, ಮಡಿಸಿದ ಶಲ್ಯ, ನ್ಯಾಯಾಧೀಶರಂಥ ಮುಖ. ನಾಗಮಂಗಲದೋರಂತೆ. ನಮ್ಗೆ ಅದೇ ಬೇಕಾಗಿತ್ತು, ಮೂರನೇ ಊರಿನೋರು. ಇಬ್ರೂ ಕೇಸು ಬಿಚ್ಚಿದ್ವಿ.

"ನಮ್ಮೂರ ಹೆಸರಲ್ಲಿ ರೈಲ್ವೆ ಸ್ಟೇಷನ್ ಅದೆ ಸ್ವಾಮಿ" ಅಂದೆ ನಾನು. "ಇವರೂರಲ್ಲಿ ರೈಲಿನ ಸದ್ದೂ ಇಲ್ಲ."

"ಸ್ಟೇಷನ್ನು ಇವರೂರಿಂದ ಎಷ್ಟು ದೂರ ಅಂತ ಕೇಳಿ ಸ್ವಾಮಿ" ಅಂದ ಬೀಗ. "ಅಲ್ಲಿಂದ ಊರಿಗೆ ಆಟೋ ಹಿಡೀಬೇಕು. ರೈಲಿಗೇ ಇವರೂರು ಬ್ಯಾಡ ಅಂದ್ರೆ ಜನಕ್ಕೆ ಯಾಕೆ?"

ನಾನು ಜವಳಿ ಅಂಗಡಿ ಎಣಿಸ್ದೆ, ಅವನು ಬೇಕರಿ ಎಣಿಸ್ದ. ಹಿರೀಕರು ಒಂದಕ್ಕೂ ಅಡ್ಡ ಬರ್ಲಿಲ್ಲ. ಕಣ್ಣು ಮುಚ್ಕಂಡು ಎಲ್ಲಾ ಕೇಳಿಸ್ಕೊಂಡ್ರು. ನಾಗಮಂಗಲ ಬಂತು. ಎದ್ದು ಶಲ್ಯ ಕೊಡವಿ ಹೆಗಲಿಗೆ ಹಾಕ್ಕೊಂಡ್ರು. "ಎರಡೂ ಊರು ನಾನು ನೋಡಿವ್ನಿ. ಎರಡೂ ಚೆನ್ನಾಗವೆ" ಅಂದ್ರು. ಮೆಟ್ಟಿಲಿಳಿದು, ತಿರುಗಿ ನೋಡಿ, "ಬಸ್ಸು ಬದಲಾಯಿಸಕ್ಕೆ" ಅಂದು ಹೋದ್ರು.

ಅವತ್ತು ನಾವಿಬ್ರೂ ಒಂದೇ ಕಿಟಕೀಲಿ ತಲೆ ತೂರ್ಸಿ ನಾಗಮಂಗಲವನ್ನ ಬಸ್ಸು ಬುಡೋವರ್ಗೂ ಬೈದ್ವಿ. ನಮ್ಮಿಬ್ರದ್ದೂ ಒಂದೇ ಊರಾಗಿದ್ದು ಅದೊಂದೇ ದಿನ. ಅಂಥ ದಿನ ಇನ್ನೊಂದು ನಾಲ್ಕು ಸಿಕ್ಕಿದ್ರೆ ಏನ್ ಗಂಟು ಹೋಗ್ತಿತ್ತು ಅಂತ ಈಗ ಅನ್ನುಸ್ತದೆ. ಆದ್ರೆ ಬಸ್ಸು ದೇವಲಾಪುರ ಮುಟ್ಟೋ ಹೊತ್ಗೆ ಬೀಗ ಗಂಟಲು ಸರಿ ಮಾಡ್ಕಂಡ. "ಏನೇ ಯೋಳು, ಬದಲಾಯಿಸಕ್ಕೆ ನಮ್ಮೂರ ಬಸ್‌ಸ್ಟಾಂಡೇ ಅನುಕೂಲ."

೫. ಎರಡೇ ಅಂತಸ್ತು

ಬೆಟ್ಟ ಮುಚ್ಚಿದ್ನಲ್ಲ ಪಕ್ಕದೋನು, ಅವನದು ನಮ್ ರೋಡಲ್ಲಿ ನಾಲ್ಕಂತಸ್ತು ಎದ್ದೇ ಬುಡ್ತು. ಮುಂದ್ಗಡೆ ಪೂರಾ ನೀಲಿ ಗಾಜು. ಕಾಗೆಗಳು ತಮ್ ಮುಖ ನೋಡ್ಕೊಂಡು ಅಲ್ಲೇ ಸಂಸಾರ ಹೂಡಿದ್ವು. ಫೋನ್ ಮಾಡಿ ಬೀಗನ್ನ ಕರೆಸ್ದೆ, ಟೀ ಅಂಗಡಿ ಮುಂದೆ ನಿಲ್ಸಿ, "ಎಣಿಸಯ್ಯ" ಅಂದೆ. ಈಗಾದ್ರೂ ಆ ಮಾತು ಅವನ ಬಾಯಲ್ಲಿ ಬತ್ತದೆ ಅಂತ ಟೀ ಅಂಗಡಿಯೋರೆಲ್ಲಾ ಕಾಯ್ತಾವ್ರೆ.

ಕತ್ತೆತ್ತಿ ನೋಡ್ದ. "ಎರಡು."

"ನಾಲ್ಕು ಕಣಯ್ಯ. ಸರ್ಯಾಗ್ ನೋಡು."

"ಎರಡೇ. ಅದರ ಮೇಲೆ ಮಂಜು."

ಮಟಮಟ ಮಧ್ಯಾಹ್ನ, ನೆತ್ತಿ ಸುಡೋ ಬಿಸ್ಲು. ಮಂಜಂತೆ. ಟೀ ಅಂಗಡಿಯೋನು ಬಿದ್ದು ಬಿದ್ದು ನಕ್ಕ. "ಇಂಥ ಮೊಂಡನ್ನ ನಾನು ನೋಡೇ ಇಲ್ಲ" ಅಂತ ಬೀಗನಿಗೆ ಬಿಟ್ಟಿ ಟೀ ಕೊಟ್ಟ. ನಾನೂ ನಕ್ಕೆ. ಬೀಗನೂ ನಕ್ಕ. ಬಸ್ಸಿಗೆ ಹತ್ತಿಸಕ್ಕೆ ಹೋದಾಗ, "ಬೋರ್ಡು ಓದಯ್ಯ, ಇದೇನಾ ನಮ್ ಬಸ್ಸು?" ಅಂದ.

"ಅಷ್ಟು ದಪ್ಪ ಅಕ್ಷರ ಕಾಣಲ್ವಾ?"

"ನಿಮ್ಮೂರಲ್ಲಿ ನಿಂತಿರೋ ಬಸ್ಸಿನ ಬೋರ್ಡು ನಾನು ಓದಲ್ಲ."

ಅದಕ್ಕೂ ನಕ್ಕು, ಸೀಟು ಹಿಡ್ದು ಕುಂಡ್ರಿಸಿ ಬಂದೆ. ಒಂದು ವಾರಕ್ಕೆ ಮಗಳು ಫೋನ್ ಮಾಡಿದ್ಲು. ಮಾವನಿಗೆ ಸಕ್ಕರೆ ಕಾಯ್ಲೆ ಕಣ್ಣಿಗಿಳಿದು ಬಾಳ ದಿನ ಆಗದೆ ಅಂತೆ, ಯಾರಿಗೂ ಯೋಳಿಲ್ಲ. ದೊಡ್ಡಾಸ್ಪತ್ರೆಲಿ ನೋಡಿ, ಇನ್ನು ಏನೂ ಮಾಡಕ್ಕಾಗಲ್ಲ ಅಂದವ್ರಂತೆ. ಅವತ್ತು ಅವನು ಮಂಜು ಅಂದಿದ್ದು ನಿಜ.

ಹೋದೆ. ಹಾಸಿಗೆ ಮೇಲೆ ಗೋಡೆಗೊರಗಿ ಕುಂತಿದ್ದ. ಪಕ್ಕದಲ್ಲಿ ಕುಂತ್ಕೊಂಡು, "ಅವತ್ತೇ ಯಾಕಯ್ಯ ಯೋಳ್ಲಿಲ್ಲ, ಕಣ್ಣು ಕಾಣಲ್ಲ ಅಂತ?" ಅಂದೆ.

"ಯೋಳಿದ್ರೆ, ನೀನು ನಾಲ್ಕು ಅಂದಿದ್ದನ್ನ" ಅಂದ, "ನಾನು ನಂಬ್ಬೇಕಾಗ್ತಿತ್ತು."

೬. ನಾನು ಎಬ್ಬಿಸಿದ ಪೇಟೆ

ಈಗ ಅವನಿಗೆ ಪೂರಾ ಕಾಣಲ್ಲ. ಬಿಸ್ಲು ನೆರಳು ಗೊತ್ತಾಯ್ತದೆ, ಅಷ್ಟೇ. ನಾನು ಅಂಗಡಿ ಮುಚ್ಚಿ ಕತ್ರಿ ಎತ್ತಿಮಡಗಿ ವರ್ಷಗಳಾದ್ವು, ವಾರಕ್ಕೊಂದ್ಸತಿ ಬಸ್ಸತ್ತಿ ಹೋಯ್ತೀನಿ. ಅವನ ಗೊಬ್ಬರದ ಅಂಗಡೀನ ನಮ್ ಅಳಿಯ ನೋಡ್ಕೊತಾವ್ನೆ. ಅದರ ಮುಂದಿನ ಕಲ್ಲಿನ ಮೇಲೆ ಇಬ್ರೂ ಕುಂತ್ಕತೀವಿ. ಎದುರಿಗೇ ಆ ಮೂರಂತಸ್ತಿನ ಕಾಂಪ್ಲೆಕ್ಸು.

ಮೊದಲನೇ ಸತಿ ಹೋಗೋವಾಗ ಬಸ್ಸಲ್ಲೇ ಎಲ್ಲಾ ತಯಾರಿ ಮಾಡ್ಕೊಂಡಿದ್ದೆ. ಪಾಂಡವಪುರಕ್ಕೆ ಹತ್ತಂತಸ್ತು ಎಬ್ಬಿಸ್ಬೇಕು, ಇವರೂರ ಬೀದೀಲಿ ಅಂಗಡಿ ಎಲ್ಲಾ ಬಾಗ್ಲಾಕವೆ ಅನ್ಬೇಕು. ಅವನಿಗೆ ಎದ್ದು ನೋಡಕ್ಕಂತೂ ಆಗಲ್ಲ. ಆ ಮಾತು ಇವತ್ತು ಅವನ ಬಾಯಲ್ಲಿ ಬಂದೇ ಬತ್ತದೆ ಅಂದ್ಕೊಂಡು ಹೋಗಿ ಕುಂತೆ.

ಅವನು ಮುಖ ಎತ್ತಿ, ಕಾಂಪ್ಲೆಕ್ಸು ಇರೋ ಕಡೇಗೆ ಸರ್ಯಾಗಿ ತಿರುಗ್ಕೊಂಡು, "ಯೋಳಯ್ಯ, ಏನ್ ಕಾಣ್ತದೆ?" ಅಂದ.

ಅವನ ಮುಖ ನೋಡ್ದೆ. ಬಸ್ಸಲ್ಲಿ ಬಾಯಿಪಾಠ ಮಾಡಿದ್ದನ್ನೆಲ್ಲಾ ಅಲ್ಲೇ ಬುಟ್ಟೆ. "ನಿಮ್ ಕಾಂಪ್ಲೆಕ್ಸಿನ ಮೇಲೆ ಇನ್ನೊಂದಂತಸ್ತು ಎಬ್ಬಿಸ್ತಾವ್ರೆ ಕಣಯ್ಯ" ಅಂದೆ. ನಿಜವಾಗ್ಲೂ ಅಲ್ಲಿದ್ದಿದ್ದು ಒಂದು ಕರೀ ನೀರಿನ ಟ್ಯಾಂಕು, ಒಣಗ್ತಿದ್ದ ಒಂದು ಸೀರೆ.

"ಅಂಗಾ?" ಅಂದ. ಮುಖದಲ್ಲಿ ದೀಪ ಹಚ್ಚಿದಂಗಾಯ್ತು.

ಇನ್ನು ನನ್ ಬಾಯಿ ನಿಲ್ತದಾ. ಮುಂದಿನ ವಾರ ಐದನೇದು. ಅದರ ಮುಂದಿನ ಸತಿ ಮುಂದ್ಗಡೆ ಪೂರಾ ಗಾಜು. ಗಾಜಿನ ಹೊಳಪಿಗೆ ಶ್ರೀರಂಗಪಟ್ಟಣದಲ್ಲಿ ಗೋಪುರದ ಪಾರಿವಾಳ ಎಲ್ಲಾ ಕಣ್ಣುಜ್ಜತಾವೆ ಅಂದೆ. ಇಮಾನ ಡಿಕ್ಕಿ ಹೊಡೀಬಾರ್ದು ಅಂತ ತುದೀಲಿ ಕೆಂಪು ದೀಪ ಮಡಗವ್ರೆ ಅಂದೆ. ನಡುವೆ ನಡುವೆ ಅವನು, "ನಿಮ್ಮೂರಲ್ಲಿ?" ಅಂತ ಕೇಳ್ತಿದ್ದ. "ನಮ್ಮೂರಲ್ಲೇನಯ್ಯ, ಅದೇ ನಾಲ್ಕು" ಅಂತಿದ್ದೆ. ನಾನು ಹುಟ್ಟಿದ ಮೇಲೆ ನಿಜ ಯೋಳಿದ್ದು ಅದೊಂದೇ ವಿಷಯದಲ್ಲಿ.

ಕಣ್ಣು ಇದ್ದಾಗ ಅವನನ್ನ ಒಂದ್ಸತೀನಾದ್ರೂ ಕುಂತಿಬೆಟ್ಟಕ್ಕೆ ಹತ್ತಿಸಿ, ಮೇಲಿಂದ ಎರಡೂ ಊರಿನ ಕಡೇನೂ ತೋರಿಸ್ಬೋದಾಗಿತ್ತು. ಅಂತಸ್ತು ಎಣಿಸೋದ್ರಲ್ಲೇ ಹೊತ್ತು ಹೋಯ್ತು.

ಹೋದ ವಾರ ಕಟ್ಟಡ ಒಂಬತ್ತಕ್ಕೆ ಬಂದಿತ್ತು. ಯೋಳಿ ಮುಗಿಸ್ದೆ. ಆಮೇಲೆ ಅದೇನಾಯ್ತೋ, ಅಷ್ಟು ವರ್ಷ ಅವನ ಬಾಯಿಂದ ಬರ್ಲಿ ಅಂತ ಕಾದಿದ್ದ ಮಾತು ನನ್ ಬಾಯಿಂದ್ಲೇ ಬಂದ್ಬುಡ್ತು. "ನಿಮ್ಮೂರೇ ದೊಡ್ಡದು ಕಣ್ ಬೀಗ."

ಗೆದ್ದೆ ಅಂತ ಅವನು ಒಂದು ಕೇಕೆ ಹಾಕ್ಬೇಕಿತ್ತು, ಹಾಕ್ಲಿಲ್ಲ. ಗಾಳೀಲಿ ತಡಕಾಡಿ ನನ್ ಹೆಗಲು ಹುಡುಕಿ ಕೈ ಮಡಗ್ದ. ಆಮೇಲೆ ಕೇಳ್ದ, "ಒಂಬತ್ತಂತಸ್ತು ಅಂದ್ಯಲ್ಲಯ್ಯ?"

"ಊಂ. ಒಂಬತ್ತು."

"ಒಂದು ದಿನಾನೂ ಕಾಂಕ್ರೀಟ್ ಮಿಕ್ಸರ್ ಸದ್ದಿಲ್ದೆ, ಒಂದು ಗಾಡಿ ಮರಳೂ ಇಳಿಸ್ದೆ, ಒಂಬತ್ತಂತಸ್ತು ಎಬ್ಬಿಸ್ಬುಟ್ಟೆ ನೀನು" ಅಂದ. "ಇಷ್ಟೆಲ್ಲಾ ಮಾಡ್ದೋನಿಗೆ ಒಂದು ಲಿಫ್ಟ್ ಹಾಕ್ಸಕ್ಕೆ ಏನಯ್ಯ ದಾಡಿ? ನನ್ ಮಂಡಿ ನೋವು ನಿಂಗೆ ಗೊತ್ತಿಲ್ವಾ?"